ಹನ್ನೊಂದು ಕುದುರೆಗಳ ಲಾಯ: ಓಟ ಎರಡು ನಿಮಿಷ, ಮಿಕ್ಕ ಹೊತ್ತು ಏನು ಮಾಡ್ತೀರಿ?

ಲಾಯದ_ಬಾಗಿಲು (ಭಾನುವಾರ, ರಾತ್ರಿ 9:10)

ಬೇರೊಂದು ಎಳೆಯಲ್ಲಿ ಯಾರೋ ಕೇಳಿದ್ದರು, "ರೇಸ್ ಕುದುರೆ ತಯಾರು ಮಾಡೋದು ಅಂದ್ರೆ ದಿನಾ ಓಡಿಸೋದು ತಾನೇ, ಅದರಲ್ಲೇನಿದೆ?" ಅಂತ. ಅಲ್ಲೇ ಉತ್ತರ ಬರೆಯೋಕೆ ಕೂತೆ, ಉದ್ದ ಆಯಿತು. ಹಾಗಾಗಿ ಹೊಸ ಎಳೆ. ಕೊನೆಯಲ್ಲಿ ನನ್ನದೂ ಒಂದು ಪ್ರಶ್ನೆ ಇದೆ, ಅನುಭವ ಇದ್ದವರು ಹೇಳಿ.

ನಮ್ಮದು ಚಿಕ್ಕ ಲಾಯ. ಹನ್ನೊಂದು ಕುದುರೆ, ಒಂದು ಮೇಕೆ, ನಾಲ್ಕು ಜನ. ಟ್ರೈನರ್ ಲೈಸೆನ್ಸ್ ಚಿಕ್ಕಪ್ಪನ ಹೆಸರಲ್ಲಿದೆ. ನಾನು ಅಸಿಸ್ಟೆಂಟ್. ಅಂದರೆ ಲದ್ದಿ ಬಾಚೋದರಿಂದ ಹಿಡಿದು ಲೆಕ್ಕ ಬರೆಯೋವರೆಗೆ ಎಲ್ಲವೂ ನನ್ನದೇ.

ಕುದುರೆ ದಿನಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಹೊರಗಿರುತ್ತದೆ. ಅದರಲ್ಲೂ ಜಾಸ್ತಿ ನಡಿಗೆ, ಟ್ರಾಟ್ (ಸಣ್ಣ ಓಟ), ನಿಧಾನದ ಕ್ಯಾಂಟರ್ (ನಾಗಾಲೋಟಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಓಟ). ನಿಜವಾದ ನಾಗಾಲೋಟ ವಾರಕ್ಕೆ ಎರಡು ಸಲ, ಅದೂ ಕೆಲವೇ ಫರ್ಲಾಂಗ್. ಒಂದು ಫರ್ಲಾಂಗ್ ಅಂದರೆ 201 ಮೀಟರ್. ಉಳಿದ ಹೊತ್ತೆಲ್ಲ ಅದು ತನ್ನ ಕೋಣೆಯಲ್ಲಿ ನಿಂತಿರುತ್ತದೆ. ನಮ್ಮ ಕೆಲಸದ ಮುಕ್ಕಾಲು ಪಾಲು ಇರುವುದು ಅಲ್ಲೇ.

ಬೆಳಿಗ್ಗೆ ನಾಲ್ಕಕ್ಕೆ ಹೋಗುತ್ತೇನೆ. ಬಾಗಿಲು ತೆಗೆದ ತಕ್ಷಣ ಲೈಟ್ ಹಾಕುವುದಿಲ್ಲ. ಒಂದು ನಿಮಿಷ ಸುಮ್ನೆ ನಿಂತು ಕೇಳುತ್ತೇನೆ. ಹುಲ್ಲು ಅಗಿಯುವ ಸದ್ದು, ಮೂಗಿನಿಂದ ಬುಸ್ಸೆನ್ನುವ ಸದ್ದು, ಯಾವುದೋ ಒಂದು ಬಾಗಿಲು ಒದೆಯುವ ಸದ್ದು. ಹನ್ನೊಂದರಲ್ಲಿ ಹತ್ತು ಸದ್ದು ಮಾತ್ರ ಕೇಳಿದರೆ ಹನ್ನೊಂದನೆಯದರ ಹತ್ತಿರ ಮೊದಲು ಹೋಗಬೇಕು.

ಆಮೇಲೆ ಲೈಟ್. ಮೊದಲು ನೋಡುವುದು ಗೋದಲಿ. ರಾತ್ರಿ ಹಾಕಿದ್ದು ಪೂರ್ತಿ ಖಾಲಿಯಾಗಿ ಒದ್ದೆ ನಾಲಿಗೆ ಗುರುತು ಕಾಣಿಸಿದರೆ ಸರಿ. ನಂತರ ಲದ್ದಿ. ನಗಬೇಡಿ. ಎಷ್ಟು ಸಲ ಹಾಕಿದೆ, ಗಟ್ಟಿಯಾ, ಸಡಿಲಾ, ಲೋಳೆ ಇದೆಯಾ ಅಂತ ನೋಡಲೇಬೇಕು. ಆಮೇಲೆ ಬಾಲ ಮತ್ತು ಪಕ್ಕೆ. ಬಾಲದಲ್ಲಿ ಹುಲ್ಲು ಸಿಕ್ಕಿಕೊಂಡಿದ್ದರೆ ರಾತ್ರಿ ಮಲಗಿತ್ತು ಅಂತ ಅರ್ಥ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅನ್ನುವುದು ಅರ್ಧ ಸತ್ಯ. ಮಂಡಿ ಲಾಕ್ ಮಾಡಿಕೊಂಡು ತೂಕಡಿಸುತ್ತದೆ ಅಷ್ಟೇ. ಗಾಢ ನಿದ್ದೆಗೆ ಮಲಗಲೇಬೇಕು. ಅರ್ಧ ಗಂಟೆ ಸಾಕು, ಆದರೆ ಅದು ಬೇಕೇ ಬೇಕು. ವಾರಗಟ್ಟಲೆ ಮಲಗದ ಕುದುರೆ ನಿಂತಲ್ಲೇ ಮಂಡಿ ಕುಸಿದು ಬೆಚ್ಚಿ ಏಳುವುದನ್ನು ನೋಡಿದ್ದೇನೆ.

ಕೊನೆಗೆ ಕಾಲು. ಕೂತು, ಮಂಡಿಯಿಂದ ಗೊರಸಿನವರೆಗೆ ಕೈ ಇಳಿಸುತ್ತೇನೆ. ಮೊದಲು ಅಂಗೈ, ಅನುಮಾನ ಬಂದರೆ ಮುಂಗೈ. ಎರಡೂ ಕಾಲು ಒಂದೇ ರೀತಿ ತಣ್ಣಗಿರಬೇಕು. ನಂತರ ಜ್ವರ ನೋಡಿ ಬೋರ್ಡ್ ಮೇಲೆ ಬರೆಯುತ್ತೇನೆ. 38 ಡಿಗ್ರಿ ಆಸುಪಾಸು ಇದ್ದರೆ ಸರಿ, 38.5 ದಾಟಿದರೆ ಆವತ್ತು ಆ ಕುದುರೆ ಹೊರಗೆ ಹೋಗುವುದಿಲ್ಲ.

ಈಗ ಪ್ರಶ್ನೆ. ನಮ್ಮಲ್ಲಿ ಮೂರು ವರ್ಷದ ಹೆಣ್ಣು ಕುದುರೆ ಇದೆ, ಹಣೆ ಮೇಲೆ ಬಿಳಿ ಮಚ್ಚೆ ಇರುವುದರಿಂದ ಚುಕ್ಕಿ ಅಂತ ಕರೆಯುತ್ತೇವೆ. ಮೊನ್ನೆ ಶನಿವಾರ ಅವಳಿಗೆ ಓಟ ಇತ್ತು. ಬುಧವಾರ ಬೆಳಿಗ್ಗೆ ಗೋದಲಿಯ ಮೂಲೆಯಲ್ಲಿ ಎರಡು ಹಿಡಿ ಓಟ್ಸ್ ಬಿಟ್ಟಿದ್ದಳು. ಗುರುವಾರ ಪೂರ್ತಿ ತಿಂದಳು. ಶುಕ್ರವಾರ ಬೆಳಿಗ್ಗೆ ಮುಂದಿನ ಎಡಗಾಲಿನ ಹಿಂಬದಿ, ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರು) ಮೇಲೆ, ಹೆಬ್ಬೆಟ್ಟು ಒತ್ತುವಷ್ಟು ಜಾಗ ಬೆಚ್ಚಗಿತ್ತು. ಊತ ಇಲ್ಲ. ಒತ್ತಿದರೆ ಎಳೆದುಕೊಳ್ಳಲಿಲ್ಲ. ಟ್ರಾಟ್ ಮಾಡಿಸಿದೆವು, ಕುಂಟಲೇ ಇಲ್ಲ. ಚಿಕ್ಕಪ್ಪ ಕೈ ಇಟ್ಟು ನೋಡಿದರು. ಏನೂ ಹೇಳಲಿಲ್ಲ. ಹತ್ತು ನಿಮಿಷ ಬಿಟ್ಟು ಬಂದು ಮತ್ತೆ ನೋಡಿದರು.

ಮಾಲೀಕರು ತಮ್ಮ ಮನೆಯವರನ್ನೆಲ್ಲ ಓಟ ನೋಡೋಕೆ ಕರೆದಿದ್ದರು. ನೀವಾಗಿದ್ದರೆ ಓಡಿಸುತ್ತಿದ್ದಿರಾ? ನಾವು ಏನು ಮಾಡಿದೆವು ಅಂತ ಆಮೇಲೆ ಹೇಳುತ್ತೇನೆ.

ಬಿಳಿಗೊರಸು (ಭಾನುವಾರ, ರಾತ್ರಿ 9:48)

ಮೂವತ್ತು ವರ್ಷ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಆಗಿದ್ದವನು ನಾನು. ಓಡಿಸಬಾರದು. ಇದರಲ್ಲಿ ಚರ್ಚೆ ಏನು ಬಂತು?

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರಾತ್ರಿ ಬ್ಯಾಂಡೇಜ್ ಕಟ್ಟಿದ್ದಿರಾ? ಕಟ್ಟಿದ್ದರೆ ಬಿಚ್ಚಿದ ತಕ್ಷಣ ಕೈ ಇಟ್ಟರೆ ಎಲ್ಲ ಕಾಲೂ ಬೆಚ್ಚಗೇ ಇರುತ್ತೆ. ಬಿಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ನೋಡಬೇಕು. ಮತ್ತೆ ತಣ್ಣೀರಲ್ಲಿ ಬಕೆಟ್ ತೊಳೆದು ಬಂದ ಕೈಯಲ್ಲಿ ನೋಡಬಾರದು. ತಣ್ಣನೆ ಕೈಗೆ ಎಲ್ಲವೂ ಬಿಸಿಯಾಗೇ ತೋರುತ್ತೆ.

ನಾನು ಒಂದು ಸಲ ಬಾಯಿ ಮುಚ್ಚಿಕೊಂಡೆ. ಆ ಟ್ರೈನರ್ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಮನುಷ್ಯ. ಬೂದು ಬಣ್ಣದ ಗಂಡು ಕುದುರೆ, ನನ್ನ ಕೈಯಲ್ಲೇ ಎರಡು ವರ್ಷ ಇತ್ತು. ಓಟದ ದಿನ ಬೆಳಿಗ್ಗೆ ಕಾಲು ಬೆಚ್ಚಗಿದೆ ಅನ್ನಿಸಿತು. ಹೇಳಿದರೆ ನನ್ನ ಮೇಲೇ ಹಾರುತ್ತಾನೆ, ಭ್ರಮೆ ಇರಬಹುದು ಅಂದುಕೊಂಡೆ. ಕುದುರೆ ಎರಡನೆಯದಾಗಿ ಬಂತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಮಾರನೇ ದಿನ ಬೆಳಿಗ್ಗೆ ಕಾಲಿನ ಹಿಂಬದಿ ಬಾಳೆಕಾಯಿ ಥರ ಉಬ್ಬಿ ಬಾಗಿತ್ತು. ಒಂದು ವರ್ಷ ನಿಂತಿತು. ಆಮೇಲೆ ಓಡಿತು, ಆದರೆ ಆ ಕುದುರೆಯೇ ಬೇರೆ, ಈ ಕುದುರೆಯೇ ಬೇರೆ.

ಪ್ರಶ್ನೆ_ಪೆಟ್ಟಿಗೆ (ಭಾನುವಾರ, ರಾತ್ರಿ 10:20)

ನನಗೆ ಕುದುರೆ ಬಗ್ಗೆ ಏನೂ ಗೊತ್ತಿಲ್ಲ, ಸುಮ್ನೆ ಆಸಕ್ತಿ. ಎರಡು ಹಿಡಿ ಬಿಟ್ಟಿದ್ದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾ? ನಾವೂ ಒಂದೊಂದು ದಿನ ಊಟ ಬಿಡ್ತೀವಲ್ಲ. ಇನ್ನೊಂದು, ಎಲ್ಲ ರೇಸ್ ಕುದುರೆಗಳ ಹುಟ್ಟುಹಬ್ಬ ಒಂದೇ ದಿನ ಅಂತ ಎಲ್ಲೋ ಓದಿದ್ದೆ. ತಮಾಷೆನಾ ನಿಜಾನಾ? ಮೇಕೆ ಯಾಕೆ ಅನ್ನೋದನ್ನೂ ಹೇಳಿ ಸರ್.

ಲಾಯದ_ಬಾಗಿಲು (ಸೋಮವಾರ, ಮಧ್ಯಾಹ್ನ 1:05)

@ಬಿಳಿಗೊರಸು ಅಣ್ಣ, ಬ್ಯಾಂಡೇಜ್ ಕಟ್ಟಿರಲಿಲ್ಲ. ಬಕೆಟ್ ಮಾತು ಮಾತ್ರ ಸರಿಯಾಗಿ ನಾಟಿತು. ಆವತ್ತು ಕೈ ಒರೆಸಿಕೊಂಡು ಮತ್ತೆ ನೋಡಿದ್ದೆ, ಆದರೆ ಅದಕ್ಕೆ ಮೊದಲು ಎಷ್ಟು ಸಲ ಒದ್ದೆ ಕೈಯಲ್ಲೇ ನೋಡಿದ್ದೇನೋ ದೇವರಿಗೇ ಗೊತ್ತು.

@ಪ್ರಶ್ನೆ_ಪೆಟ್ಟಿಗೆ ಕುದುರೆ ನಮ್ಮ ಹಾಗೆ ಊಟ ಬಿಡುವುದಿಲ್ಲ. 480 ಕಿಲೋ ಮೈಗೆ ಹೊಟ್ಟೆ ಚೀಲ ಮಾತ್ರ ಹತ್ತು ಹನ್ನೆರಡು ಲೀಟರ್ ಹಿಡಿಯುವಷ್ಟು. ಬಯಲಲ್ಲಿ ಬಿಟ್ಟರೆ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರುತ್ತದೆ. ಅದಕ್ಕೆ ತಕ್ಕ ಹಾಗೆ ಹೊಟ್ಟೆಯಲ್ಲಿ ಆ್ಯಸಿಡ್ ಇಡೀ ದಿನ ಸುರಿಯುತ್ತದೆ. ಜೊಲ್ಲು ಬರುವುದು ಅಗಿಯುವಾಗ ಮಾತ್ರ. ನಾವು ಅದನ್ನು ನಾಲ್ಕು ಗೋಡೆಯೊಳಗೆ ಕಟ್ಟಿ, ಹೊತ್ತಿಗೆ ಸರಿಯಾಗಿ ಓಟ್ಸ್ ಹಾಕಿ, ಮೇಲೆ ಓಡಿಸುತ್ತೇವೆ. ಹೊಟ್ಟೆ ಹುಣ್ಣಾಗದೆ ಇನ್ನೇನಾಗುತ್ತದೆ? ತರಬೇತಿಯಲ್ಲಿರುವ ಬಹುಪಾಲು ಕುದುರೆಗಳಿಗೆ ಸಣ್ಣದೋ ದೊಡ್ಡದೋ ಅಲ್ಸರ್ ಇರುತ್ತದೆ. ಹಾಗಾಗಿ ಓಡಿಸುವ ಮೊದಲು ಒಂದಿಷ್ಟು ಒಣಹುಲ್ಲು ತಿನ್ನಿಸುತ್ತೇವೆ. ಅದು ಹೊಟ್ಟೆಯಲ್ಲಿ ಚಾಪೆ ಹಾಸಿದ ಹಾಗೆ ಕೂತು ಆ್ಯಸಿಡ್ ಮೇಲಕ್ಕೆ ಸಿಡಿಯದಂತೆ ತಡೆಯುತ್ತದೆ.

ಇನ್ನೊಂದು ವಿಷಯ, ಕುದುರೆಗೆ ವಾಂತಿ ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು. ಅದಕ್ಕೇ ಹೊಟ್ಟೆನೋವು ಅಂದರೆ ನಮಗೆಲ್ಲ ಪ್ರಾಣ ಹೋದ ಹಾಗಾಗುತ್ತದೆ.

ಹೋದ ವರ್ಷ ನಮ್ಮ ಅಜ್ಜನಿಗೆ ಬಂದಿತ್ತು. ಅಜ್ಜ ಅಂದರೆ ಹದಿನಾರು ವರ್ಷದ ಕುದುರೆ, ಓಟ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಮರಿಗಳ ಜೊತೆ ಟ್ರ್ಯಾಕಿಗೆ ಹೋಗಿ ಧೈರ್ಯ ಹೇಳುವ ಕೆಲಸ ಅವನದು. ರಾತ್ರಿ ಹನ್ನೊಂದಕ್ಕೆ ನೆಲ ಕೆರೆಯೋಕೆ ಶುರು ಮಾಡಿದ. ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದ್ದ. ಮಲಗಿದ, ಎದ್ದ, ಮತ್ತೆ ಮಲಗಿ ಉರುಳೋಕೆ ನೋಡಿದ. ಹೊಟ್ಟೆಗೆ ಕಿವಿ ಇಟ್ಟೆ. ಸಾಮಾನ್ಯವಾಗಿ ದೂರದಲ್ಲಿ ಗುಡುಗಿದ ಹಾಗೆ ಸದ್ದು ಬರುತ್ತಿರುತ್ತದೆ. ಆವತ್ತು ಏನೂ ಇಲ್ಲ. ನಾಡಿ 64. ಸುಮ್ಮನೆ ನಿಂತ ಕುದುರೆಗೆ 30ರಿಂದ 40 ಇರಬೇಕು. ಪಶುವೈದ್ಯರು ಬರುವ ತನಕ ಹಗ್ಗ ಹಿಡಿದು ನಡೆಸಿದೆವು, ಒಬ್ಬರಾದ ಮೇಲೆ ಒಬ್ಬರು. ಅವರು ಬಂದು ಮೂಗಿನಿಂದ ಹೊಟ್ಟೆಗೆ ಪೈಪ್ ಇಳಿಸಿದರು. ಬಕೆಟ್‌ಗೆ ಹುಳಿ ವಾಸನೆಯ ನೀರು ಸುರಿಯಿತು. ಇಂಜೆಕ್ಷನ್ ಕೊಟ್ಟರು. ಮೂರೂವರೆಗೆ ಅಜ್ಜ ಬಾಲ ಎತ್ತಿ ಲದ್ದಿ ಹಾಕಿದ. ಚಿಕ್ಕಪ್ಪ ಅಷ್ಟು ಖುಷಿಯಾಗಿದ್ದನ್ನು ನಾನು ಗೆದ್ದ ದಿನವೂ ನೋಡಿಲ್ಲ.

ಹುಟ್ಟುಹಬ್ಬ ನಿಜ. ಭೂಮಿಯ ಉತ್ತರ ಭಾಗದಲ್ಲಿ ಜನವರಿ 1, ದಕ್ಷಿಣದಲ್ಲಿ ಆಸ್ಟ್ರೇಲಿಯಾದಂಥ ಕಡೆ ಆಗಸ್ಟ್ 1. ಜನವರಿಯಲ್ಲಿ ಹುಟ್ಟಿದ ಮರಿ, ಮೇ ತಿಂಗಳಲ್ಲಿ ಹುಟ್ಟಿದ ಮರಿ, ಎರಡಕ್ಕೂ ಕಾಗದದ ಮೇಲೆ ಒಂದೇ ವಯಸ್ಸು. ಎರಡು ವರ್ಷದವರ ಓಟದಲ್ಲಿ ಆ ನಾಲ್ಕು ತಿಂಗಳು ಏನು ಕಡಿಮೆಯಾ? ಚುಕ್ಕಿ ಮೇ ತಿಂಗಳವಳು. ಅದಕ್ಕೇ ಅವಳನ್ನು ಎರಡು ವರ್ಷಕ್ಕೆ ಓಡಿಸಲೇ ಇಲ್ಲ.

ಮೇಕೆ ಬಗ್ಗೆ ಆಮೇಲೆ. ಹುಲ್ಲಿನ ಲಾರಿ ಬಂತು.

ನಾಡಿ_ಹಿಡಿಯುವವಳು (ಸೋಮವಾರ, ಸಂಜೆ 6:30)

ನಾನು ಪಶುವೈದ್ಯೆ, ಕುದುರೆಗಳೇ ಜಾಸ್ತಿ. ಟೆಂಡನ್ ಬಗ್ಗೆ ನಾಲ್ಕು ಮಾತು.

ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಗೆ ಮಾಂಸಖಂಡ ಇಲ್ಲ. ಮೂಳೆ, ಚರ್ಮ, ಹಗ್ಗದಂಥ ಟೆಂಡನ್ ಅಷ್ಟೇ. ನಾಗಾಲೋಟದಲ್ಲಿ ಇಡೀ ಮೈಭಾರ ಒಂದು ಕ್ಷಣ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆಗ ಆ ಟೆಂಡನ್ ರಬ್ಬರಿನ ಹಾಗೆ ಎಳೆದು, ಮರುಕ್ಷಣ ಕುದುರೆಯನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಕಡಿಮೆ ಶಕ್ತಿಯಲ್ಲಿ ಅಷ್ಟು ವೇಗ ಬರುವುದು ಹೀಗೆ. ಆದರೆ ಅದು ಎಳೆಯುವುದು ಹೆಚ್ಚುಕಡಿಮೆ ಹರಿಯುವ ಹಂತದವರೆಗೆ. ಎಳೆದು ಬಿಟ್ಟು ಮಾಡುವಾಗ ಒಳಗೆ ಶಾಖ ಹುಟ್ಟುತ್ತದೆ. ಓಡುವ ಕುದುರೆಯ ಟೆಂಡನ್ ನಡುಭಾಗ 45 ಡಿಗ್ರಿವರೆಗೂ ಬಿಸಿಯಾಗಿದ್ದನ್ನು ಅಳೆದಿದ್ದಾರೆ.

ಹರಿದರೆ ಮತ್ತೆ ಕೂಡಿಕೊಳ್ಳುತ್ತದೆ, ಆದರೆ ತೇಪೆ ಹಾಕಿದ ಹಾಗೆ. ತೇಪೆ ಗಟ್ಟಿಯಾಗಿರುತ್ತದೆ, ಎಳೆಯುವುದಿಲ್ಲ. ಆಗ ತೇಪೆಯ ಅಂಚಿನಲ್ಲಿ ಮತ್ತೆ ಹರಿಯುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳು ಹೋಯಿತು ಅಂತಲೇ ಲೆಕ್ಕ.

ಅಲ್ಟ್ರಾಸೌಂಡ್ ಮಾಡಿಸಿ. ಆದರೆ ಮೊದಲ ದಿನವೇ ಮಾಡಿ ನಿಶ್ಚಿಂತೆ ಆಗಬೇಡಿ. ಪೆಟ್ಟು ಪೂರ್ತಿ ಕಾಣಿಸೋಕೆ ಒಂದು ವಾರ ಹತ್ತು ದಿನ ಹಿಡಿಯಬಹುದು.

ಇನ್ನೊಂದು ವಿಷಯ, ಈ ಎಳೆಗೆ ಸಂಬಂಧ ಇಲ್ಲ, ಆದರೂ. ರಜೆ ದಿನ ಓಟ್ಸ್ ಅರ್ಧ ಮಾಡಿ. ಕೆಲಸ ಇಲ್ಲದ ದಿನ ಪೂರ್ತಿ ತಿನ್ನಿಸಿ ಮಾರನೇ ದಿನ ಓಡಿಸಿದರೆ ತೊಡೆ, ಸೊಂಟ ಕಲ್ಲಾಗಿ ಹಿಡಿದುಕೊಳ್ಳುತ್ತದೆ, ಕಾಫಿ ಬಣ್ಣದ ಮೂತ್ರ ಬರುತ್ತದೆ. ರಜೆ ಮುಗಿದ ಮಾರನೇ ಬೆಳಿಗ್ಗೆ ನನಗೆ ಬರುವ ಫೋನುಗಳಲ್ಲಿ ಇದು ಇದ್ದೇ ಇರುತ್ತದೆ.

ಎಡಗಾಲ_ಸವಾರ (ಸೋಮವಾರ, ರಾತ್ರಿ 8:15)

ಎಲ್ಲರೂ ಕೈ ಕೈ ಅಂತಿದ್ದೀರಿ. ಮೇಲೆ ಕೂತವನನ್ನು ಯಾರಾದರೂ ಕೇಳಿದರಾ?

ನಾನು ಬೆಳಗಿನ ಹೊತ್ತು ಕುದುರೆ ಓಡಿಸುವವನು. ಜಾಕಿ ಅಲ್ಲ, ಆಗಬೇಕು ಅಂತ ಬಂದವನು, ಮೈ ಬೆಳೆದುಬಿಟ್ಟಿತು. ಕುದುರೆ ಕ್ಯಾಂಟರ್ ಮಾಡುವಾಗ ಒಂದು ಕಾಲು ಮುಂದಾಳು. ತಿರುವಿನಲ್ಲಿ ಒಳಗಿನ ಕಾಲು, ನೇರ ದಾರಿಗೆ ಬಂದ ಮೇಲೆ ಅದಕ್ಕೆ ದಣಿವಾಗಿ ಇನ್ನೊಂದಕ್ಕೆ ಬದಲಿಸುತ್ತದೆ. ನಾವು ಹೇಳಬೇಕಾಗೇ ಇಲ್ಲ. ಬದಲಿಸಬೇಕಾದಲ್ಲಿ ಬದಲಿಸಲಿಲ್ಲ ಅಂದರೆ ಆ ಇನ್ನೊಂದು ಕಾಲಿನ ಮೇಲೆ ಭಾರ ಹಾಕೋಕೆ ಅದಕ್ಕೆ ಮನಸ್ಸಿಲ್ಲ ಅಂತ ಅರ್ಥ. ಕುಂಟುವುದಕ್ಕೆ ಎಷ್ಟೋ ದಿನ ಮೊದಲೇ ಇದು ಗೊತ್ತಾಗುತ್ತದೆ.

ಉಸಿರೂ ಅಷ್ಟೇ. ಓಡುವಾಗ ಒಂದು ಹೆಜ್ಜೆಗೆ ಒಂದೇ ಉಸಿರು. ಕುದುರೆಗೆ ಬಾಯಲ್ಲಿ ಉಸಿರಾಡೋಕೆ ಬರುವುದಿಲ್ಲ, ಮೂಗಲ್ಲಿ ಮಾತ್ರ. ಕಣ್ಣು ಮುಚ್ಚಿಕೊಂಡು ಕೂತರೂ ಆ ತಾಳ ಕಿವಿಗೆ ಬೀಳುತ್ತದೆ. ತಾಳ ತಪ್ಪಿದರೆ ಏನೋ ಇದೆ.

ಹಿಂದೆ ಒಂದು ದೊಡ್ಡ ಲಾಯದಲ್ಲಿದ್ದೆ, ಹೆಸರು ಬೇಡ. ಬೆಳಿಗ್ಗೆ ಆರು ಕುದುರೆ ಹತ್ತಿ ಇಳಿಯುತ್ತಿದ್ದೆ. ಒಂದರ ಬಗ್ಗೆಯೂ ಯಾರೂ ಏನೂ ಕೇಳುತ್ತಿರಲಿಲ್ಲ. ಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತಿದ್ದರು. ನಾನೇ ಹೋಗಿ ಹೇಳಿದರೆ "ನಿನ್ನ ಕೆಲಸ ಕೂರೋದು" ಅಂದರು. ಆಮೇಲೆ ಹೇಳೋದನ್ನೇ ಬಿಟ್ಟೆ. ಆ ಲಾಯವನ್ನೂ ಬಿಟ್ಟೆ.

ಚುಕ್ಕಿ ಮೇಲೆ ಕೂತಿದ್ದವರು ಆ ವಾರ ಏನಂದರು?

ಲಾಯದ_ಬಾಗಿಲು (ಸೋಮವಾರ, ರಾತ್ರಿ 8:52)

ಇದನ್ನು ಓದಿ ಈಗ ತಾನೇ ಚುಕ್ಕಿಯ ಸವಾರನಿಗೆ ಫೋನ್ ಮಾಡಿದೆ. ಮಂಗಳವಾರದ ಕೆಲಸದಲ್ಲಿ ನೇರಕ್ಕೆ ಬಂದ ಮೇಲೂ ಬಲಗಾಲಲ್ಲೇ ಇದ್ದಳಂತೆ, ಎಡಗಾಲಿಗೆ ಬದಲಿಸಲಿಲ್ಲವಂತೆ. "ಸೋಮಾರಿತನ ಅಂದ್ಕೊಂಡೆ" ಅಂದ. ನಾವೂ ಕೇಳಿರಲಿಲ್ಲ. ಮಂಗಳವಾರ ಬದಲಿಸಲಿಲ್ಲ, ಬುಧವಾರ ಮೇವು ಬಿಟ್ಟಳು, ಶುಕ್ರವಾರ ಕಾಲು ಬೆಚ್ಚಗೆ. ಮೂರೂ ಮೂರು ಜನರ ಹತ್ತಿರ ಇತ್ತು, ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇಲ್ಲ. ನಾಲ್ಕೇ ಜನ ಇರುವ ಲಾಯದಲ್ಲಿ ಹೀಗಾದರೆ!

ನಾಳೆಯಿಂದ ಬೋರ್ಡ್ ಮೇಲೆ ಸವಾರನಿಗೂ ಒಂದು ಕಾಲಂ.

ಸುಮ್ನೆ_ಓದುವವಳು (ಸೋಮವಾರ, ರಾತ್ರಿ 11:30)

ಇಷ್ಟು ಹೊತ್ತು ಸುಮ್ಮನಿದ್ದೆ. ಕಷ್ಟ ಆಗ್ತಿದೆ. ನೀವೇ ಹೇಳ್ತಿದ್ದೀರಿ, ಹೊಟ್ಟೆ ಹುಣ್ಣಾಗುತ್ತೆ, ಟೆಂಡನ್ ಹರಿಯುತ್ತೆ, ದಿನಕ್ಕೆ ಇಪ್ಪತ್ತೆರಡು ಗಂಟೆ ನಾಲ್ಕು ಗೋಡೆ. ಮೂಳೆ ಬಲಿಯದ ಮರಿ ಮೇಲೆ ಕೂತು ಓಡಿಸ್ತೀರಿ. ಕೊನೆಯ ಫರ್ಲಾಂಗಲ್ಲಿ ಚಾಟಿ. ಆಮೇಲೆ ಎಷ್ಟು ಪ್ರೀತಿ ಮಾಡ್ತೀವಿ ಗೊತ್ತಾ ಅಂತೀರಿ. ಪ್ರೀತಿ ಇದ್ದರೆ ಬಯಲಿಗೆ ಬಿಡಿ.

ಬಿಳಿಗೊರಸು (ಮಂಗಳವಾರ, ಬೆಳಿಗ್ಗೆ 6:02)

ಬಯಲಿಗೆ ಬಿಟ್ಟ ಕುದುರೆಯ ಗೊರಸು ಯಾರು ಕೆರೀತಾರೆ ಮೇಡಂ? ಹಲ್ಲು ಯಾರು ಉಜ್ಜಿ ಸಮ ಮಾಡ್ತಾರೆ? ಮಾತಾಡೋದು ಸುಲಭ.

ಲಾಯದ_ಬಾಗಿಲು (ಮಂಗಳವಾರ, ಮಧ್ಯಾಹ್ನ 12:40)

ಅಣ್ಣ, ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಎರಡು ವರ್ಷದ ಮರಿ ಬಗ್ಗೆ: ಮಂಡಿಯ ಮೇಲಿನ ಮೂಳೆಯ ಬೆಳೆಯುವ ಅಂಚು ಮುಚ್ಚುವುದು ಎರಡು ಎರಡೂವರೆ ವರ್ಷಕ್ಕೆ. ನಾವು ಎಕ್ಸ್‌ರೇ ತೆಗೆಸಿ ನೋಡಿಯೇ ವೇಗದ ಕೆಲಸ ಶುರು ಮಾಡುತ್ತೇವೆ. ಆದರೂ ಮಂಡಿ ಕೆಳಗಿನ ಮೂಳೆಯ ಮುಂಭಾಗ ನೋವು ಬಂದು ಮರಿ ನಿಲ್ಲಿಸಬೇಕಾಗಿ ಬಂದದ್ದಿದೆ. ಇನ್ನೊಂದು ಕಡೆ, ಚಿಕ್ಕ ವಯಸ್ಸಿನಲ್ಲಿ ಹದವಾದ ಕೆಲಸ ಕೊಟ್ಟರೆ ಮೂಳೆ ಗಟ್ಟಿಯಾಗುತ್ತದೆ ಅನ್ನುವುದೂ ನಿಜ. ಹದ ಯಾವುದು ಅನ್ನುವುದರಲ್ಲೇ ಎಲ್ಲ ಇದೆ. ಆ ಹದ ಹಲವು ಸಲ ದುಡ್ಡಿನ ಅವಸರಕ್ಕೆ ತಪ್ಪುತ್ತದೆ. ಇದನ್ನು ಅಲ್ಲಗಳೆಯೋಕೆ ನನ್ನಿಂದ ಆಗಲ್ಲ.

ಚಾಟಿ ಬಗ್ಗೆ: ನಾರ್ವೆಯಲ್ಲಿ 1982ರಲ್ಲೇ ಕುದುರೆ ಜೋರಾಗಿ ಓಡಲಿ ಅಂತ ಚಾಟಿ ಬೀಸುವುದನ್ನು ನಿಷೇಧಿಸಿದರು. ಅಲ್ಲಿ ಓಟವೇನೂ ನಿಂತಿಲ್ಲ. ಚಿಕ್ಕಪ್ಪ ಇದಕ್ಕೆ ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ. ಊಟದ ಹೊತ್ತಿನಲ್ಲಿ ಈ ಮಾತು ನಾವು ಎತ್ತುವುದಿಲ್ಲ.

ನಾಲ್ಕು ಗೋಡೆ ಬಗ್ಗೆ: ಇದು ನನ್ನನ್ನೂ ಚುಚ್ಚುತ್ತದೆ. ಕುದುರೆ ಗುಂಪಿನ ಪ್ರಾಣಿ. ಒಂಟಿಯಾಗಿ ಕೂಡಿಹಾಕಿದರೆ ಬಾಗಿಲ ಮೇಲೆ ತಲೆ ಹಾಕಿ ಗಡಿಯಾರದ ಲೋಲಕದ ಹಾಗೆ ಆ ಕಡೆ ಈ ಕಡೆ ತೂಗುತ್ತದೆ. ಕೆಲವು ಮರದ ಅಂಚು ಕಚ್ಚಿ ಗಾಳಿ ನುಂಗುತ್ತವೆ. ಒಮ್ಮೆ ಹತ್ತಿದ ಚಟ ಬಿಡುವುದಿಲ್ಲ. ನಾವು ಎರಡೆರಡು ಕೋಣೆಗಳ ನಡುವಿನ ಗೋಡೆಯ ಮೇಲರ್ಧ ಒಡೆಸಿ ಸರಳು ಹಾಕಿಸಿದೆವು, ಒಂದರ ಮುಖ ಒಂದಕ್ಕೆ ಕಾಣಲಿ ಅಂತ. ಮಧ್ಯಾಹ್ನ ಸರದಿ ಮೇಲೆ ಬಯಲಿಗೆ ಬಿಡುತ್ತೇವೆ. ಹನ್ನೊಂದು ಇರುವುದಕ್ಕೆ ಇದು ಸಾಧ್ಯ. ನೂರು ಇದ್ದರೆ ಗೊತ್ತಿಲ್ಲ.

ಮೇಕೆ ಬಂದದ್ದೂ ಹೀಗೇ. ತೂಗಾಡುವ ಚಟದ ಒಂದು ಕುದುರೆ ಇತ್ತು. ಅದರ ಕೋಣೆಗೆ ಮೇಕೆ ಬಿಟ್ಟೆವು. ಮೊದಲ ದಿನ ಮೂಲೆಗೆ ಒತ್ತಿ ಹೆದರಿಸಿತು. ಮೂರನೇ ದಿನ ಮೇಕೆ ಅದರ ಒಣಹುಲ್ಲಿನ ಮೇಲೆ ಮಲಗಿತ್ತು, ಕುದುರೆ ಸುತ್ತಲಿಂದ ಹುಷಾರಾಗಿ ಎಳೆದು ತಿನ್ನುತ್ತಿತ್ತು. ತೂಗುವುದು ಪೂರ್ತಿ ನಿಂತಿಲ್ಲ, ಆದರೆ ತುಂಬಾ ಕಡಿಮೆಯಾಗಿದೆ. ಆ ಮೇಕೆ ಮೊನ್ನೆ ಲೆಕ್ಕದ ಪುಸ್ತಕದ ಎರಡು ಹಾಳೆ ತಿಂದಿದೆ. ನನ್ನ ಬರಹ ಬೇಗ ಜೀರ್ಣವಾಗುತ್ತದೆ ಅಂತ ಚಿಕ್ಕಪ್ಪ ಹೇಳಿದರು.

ಹಳೇ_ಪೇಪರ್ (ಮಂಗಳವಾರ, ಸಂಜೆ 5:20)

ಮೇಕೆ ಅಂದ ತಕ್ಷಣ ನೆನಪಾಯಿತು. ಬ್ರಿಟನ್ನಿನ ಗ್ರ್ಯಾಂಡ್ ನ್ಯಾಷನಲ್ ಅನ್ನುವ ಬೇಲಿ ಹಾರುವ ಓಟದಲ್ಲಿ 1967ರಲ್ಲಿ ಫಾಯ್ನವಾನ್ ಅನ್ನುವ ಕುದುರೆ ಗೆದ್ದಿತು. ಅದಕ್ಕೂ ಸೂಸಿ ಅನ್ನುವ ಬಿಳಿ ಮೇಕೆ ಜೊತೆಗಾತಿ. ಗೆಲುವಿನ ದರ ಒಂದಕ್ಕೆ ನೂರು, ಅಂದರೆ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದರ ಟ್ರೈನರ್ ಕೂಡ ಆ ದಿನ ಬೇರೆ ಕಡೆ ಓಟಕ್ಕೆ ಹೋಗಿದ್ದರು! ಒಂದು ಬೇಲಿಯ ಹತ್ತಿರ ಮುಂದಿನ ಕುದುರೆಗಳೆಲ್ಲ ಒಂದರ ಮೇಲೊಂದು ಬಿದ್ದವು, ನಿಂತವು, ತಿರುಗಿದವು. ತುಂಬ ಹಿಂದಿದ್ದ ಫಾಯ್ನವಾನ್ ಸಂದು ಹುಡುಕಿ ಹಾರಿ ಹೋಗಿಬಿಟ್ಟಿತು.

ಚಿಕ್ಕ ಲಾಯದ ಮಾತು ಬಂದರೆ ರೆಡ್ ರಮ್ ಬಿಟ್ಟರೆ ಆಗುತ್ತಾ? ಅದರ ಟ್ರೈನರ್ ಜಿಂಜರ್ ಮೆಕೇನ್ ಟ್ಯಾಕ್ಸಿ ಓಡಿಸಿದವರು, ಹಳೇ ಕಾರು ಮಾರಿದವರು. ಸೌತ್‌ಪೋರ್ಟ್‌ನಲ್ಲಿ ಕಾರಿನ ಅಂಗಡಿ ಹಿಂದೆ ಲಾಯ. ಕುದುರೆಗೆ ಗೊರಸಿನೊಳಗಿನ ಮೂಳೆಯ ತೊಂದರೆ. ಅದನ್ನು ಸಮುದ್ರ ತೀರದ ಮರಳಿನ ಮೇಲೆ, ಉಪ್ಪು ನೀರಿನಲ್ಲಿ ಓಡಿಸಿ ಓಡಿಸಿ ತಯಾರು ಮಾಡಿದರು. 1973, 1974, 1977, ಮೂರು ಸಲ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. ನಡುವಿನ ಎರಡು ವರ್ಷ ಎರಡನೆಯದು. ಬೇರೆ ಯಾವ ಕುದುರೆಯೂ ಅದನ್ನು ಮೂರು ಸಲ ಗೆದ್ದಿಲ್ಲ.

ಪ್ರಶ್ನೆ_ಪೆಟ್ಟಿಗೆ (ಮಂಗಳವಾರ, ಸಂಜೆ 5:41)

ಅದೆಲ್ಲ ಸರಿ, ಚುಕ್ಕಿ ಓಡಿದಳಾ ಇಲ್ವಾ? ಎರಡು ದಿನದಿಂದ ಕಾಯ್ತಿದ್ದೀನಿ!

ಲಾಯದ_ಬಾಗಿಲು (ಮಂಗಳವಾರ, ರಾತ್ರಿ 9:00)

ಓಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಚಿಕ್ಕಪ್ಪ ಹೆಸರು ವಾಪಸ್ ತೆಗೆಸಿದರು. ಮಾಲೀಕರಿಗೆ ಫೋನ್ ಮಾಡಿದರು. ಅವರು ಮಧ್ಯಾಹ್ನ ನೇರವಾಗಿ ಲಾಯಕ್ಕೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಚುಕ್ಕಿಯನ್ನು ಹೊರಗೆ ತರಿಸಿದರು, ನಡೆಸಿ ನೋಡಿದರು. "ಇದಕ್ಕೇನಾಗಿದೆ? ಚೆನ್ನಾಗೇ ನಡೀತಿದೆಯಲ್ಲ" ಅಂದರು. ಚಿಕ್ಕಪ್ಪ ಮಾತಾಡಲಿಲ್ಲ. ಅವರ ಕೈ ಹಿಡಿದು, ಪಕ್ಕದಲ್ಲಿ ಕೂರಿಸಿ, ಆ ಜಾಗದ ಮೇಲೆ ಇಟ್ಟರು. ಆಮೇಲೆ ಇನ್ನೊಂದು ಕಾಲಿನ ಮೇಲೆ. ಚುಕ್ಕಿ ತಲೆ ಬಗ್ಗಿಸಿ ಅವರ ಕಾಲರ್ ಮೂಸುತ್ತಿದ್ದಳು. ಅಂಗಿಗೆಲ್ಲ ಹಸಿರು ಜೊಲ್ಲು.

"ನನಗೇನೂ ಗೊತ್ತಾಗ್ತಿಲ್ಲ" ಅಂದರು.

"ದಿನಾ ಹಿಡಿದರೆ ಗೊತ್ತಾಗುತ್ತೆ" ಅಂದರು ಚಿಕ್ಕಪ್ಪ. ಸಿಟ್ಟಿನಿಂದಲ್ಲ.

ಅವರು ಎದ್ದು ಮಂಡಿ ದೂಳು ಕೊಡವಿಕೊಂಡು ಹೊರಟರು. ಸ್ಕ್ಯಾನ್ ಈ ವಾರದ ಕೊನೆಗೆ. @ನಾಡಿ_ಹಿಡಿಯುವವಳು ಮೇಡಂ ಹೇಳಿದ ಹಾಗೆ ಕಾದಿದ್ದೇವೆ. ತಣ್ಣೀರು ಹಾಯಿಸುವುದು, ಕೈಯಲ್ಲಿ ಹಿಡಿದು ನಡೆಸುವುದು, ಅಷ್ಟೇ ಸದ್ಯಕ್ಕೆ.

ಎಡಗಾಲ_ಸವಾರ (ಮಂಗಳವಾರ, ರಾತ್ರಿ 9:14)

ನಿಮ್ಮ ಚಿಕ್ಕಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಲಾಯದ_ಬಾಗಿಲು (ಮುಂದಿನ ಸೋಮವಾರ, ರಾತ್ರಿ 8:30)

ಸ್ಕ್ಯಾನ್ ಆಯಿತು. ಎರಡೂ ಕಾಲು. ಏನೂ ಇಲ್ಲ. ಟೆಂಡನ್ ಸಾಫ್.

ಖುಷಿ ಪಡಬೇಕು, ಪಟ್ಟೆವು. ಆದರೆ ಮಾಲೀಕರಿಗೆ ರಿಪೋರ್ಟ್ ಕಳಿಸಿದಾಗ "ಹಾಗಾದರೆ ಓಡಿಸಬಹುದಿತ್ತು" ಅಂತ ಒಂದೇ ಸಾಲು ಬಂತು. ಅವರ ಇನ್ನೊಂದು ಕುದುರೆ ನಮ್ಮಲ್ಲಿತ್ತು. ಅದನ್ನು ಇವತ್ತು ಬೇರೆ ಲಾಯಕ್ಕೆ ಕರೆದುಕೊಂಡು ಹೋದರು. ಚುಕ್ಕಿಯನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ವ್ಯಾನ್ ಹೋಗುವಾಗ ಪಕ್ಕದ ಕೋಣೆಯದು ಸರಳಿಗೆ ಮೂತಿ ಒತ್ತಿ ಕೆನೆಯುತ್ತಲೇ ಇತ್ತು. ಒಳಗಿಂದಲೂ ಉತ್ತರ ಬರುತ್ತಿತ್ತು.

ಈಗ ಹತ್ತು ಕುದುರೆ. ಚಿಕ್ಕ ಲಾಯಕ್ಕೆ ಒಂದು ಕುದುರೆ ಕಮ್ಮಿ ಆಯಿತು ಅಂದರೆ ಏನು ಅಂತ ಗೊತ್ತಿರುವವರಿಗೆ ಗೊತ್ತು.

ನಾಡಿ_ಹಿಡಿಯುವವಳು (ಸೋಮವಾರ, ರಾತ್ರಿ 9:05)

ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಅಂದರೆ ಏನೂ ಇರಲಿಲ್ಲ ಅಂತಲ್ಲ. ಹಿಂಗಾಲಿನ ಗೊರಸು ತಾಗಿದ್ದಿರಬಹುದು. ಹರಿಯುವ ಮೊದಲಿನ ಹಂತವೂ ಇರಬಹುದು, ಒಂದು ವಾರದ ವಿಶ್ರಾಂತಿಗೆ ಇಳಿದಿರಬಹುದು. ಯಾವುದು ಅಂತ ನನಗೂ ಹೇಳೋಕೆ ಆಗಲ್ಲ, ಯಾರಿಗೂ ಆಗಲ್ಲ. ಹರಿದ ಮೇಲೆ ಮಾತ್ರ ಖಚಿತವಾಗಿ ಗೊತ್ತಾಗುವ ವಿಷಯ ಇದು.

ಬಿಳಿಗೊರಸು (ಸೋಮವಾರ, ರಾತ್ರಿ 9:30)

ಹೋದ ಕುದುರೆ ಹೋಯ್ತು ಬಿಡಿ. ಎಡಗಾಲಿಗೆ ಬದಲಿಸ್ತಿದ್ದಾಳಾ ಈಗ?

ಲಾಯದ_ಬಾಗಿಲು (ಬುಧವಾರ, ಮಧ್ಯಾಹ್ನ 2:15)

ಇವತ್ತು ಮೊದಲ ಸಲ ನಿಧಾನದ ಕ್ಯಾಂಟರ್ ಮಾಡಿಸಿದೆವು, ಅಜ್ಜನ ಪಕ್ಕದಲ್ಲಿ. ಇಳಿದ ಮೇಲೆ ಸವಾರನೇ ಬೋರ್ಡ್ ಹತ್ತಿರ ಹೋಗಿ ಬರೆದ: "ನೇರದಲ್ಲಿ ಎಡಕ್ಕೆ ಬದಲಿಸಿದಳು. ಸ್ವಲ್ಪ ತಡವಾಗಿ." ಆ 'ತಡವಾಗಿ' ಅನ್ನುವುದನ್ನು ಚಿಕ್ಕಪ್ಪ ಮೂರು ಸಲ ಓದಿದರು. ನಾಳೆಯೂ ನಿಧಾನವೇ.

ಸುಮ್ನೆ_ಓದುವವಳು (ಬುಧವಾರ, ಸಂಜೆ 4:00)

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಚುಕ್ಕಿ ಬಗ್ಗೆ ಬರೀತಾ ಇರಿ.

ಪ್ರಶ್ನೆ_ಪೆಟ್ಟಿಗೆ (ಬುಧವಾರ, ಸಂಜೆ 4:26)

ಸರ್, ನಗಬೇಡಿ. ರಜೆಯಲ್ಲಿ ಒಂದು ತಿಂಗಳು ಬಂದು ಕೆಲಸ ಕಲೀಬಹುದಾ? ದುಡ್ಡು ಬೇಡ. ಏನು ತರಬೇಕು?

ಲಾಯದ_ಬಾಗಿಲು (ಬುಧವಾರ, ರಾತ್ರಿ 8:10)

ಬನ್ನಿ. ಬೆಳಿಗ್ಗೆ ನಾಲ್ಕು ಅಂದರೆ ನಾಲ್ಕು. ಬೆರಳು ಮುಚ್ಚುವ ಗಟ್ಟಿ ಶೂ ಹಾಕಿಕೊಳ್ಳಿ, ಚಪ್ಪಲಿಯಲ್ಲಿ ಬಂದರೆ ಒಳಗೆ ಬಿಡುವುದಿಲ್ಲ. ಸೆಂಟ್ ಹಾಕಿಕೊಳ್ಳಬೇಡಿ. ಕುದುರೆಯ ಹಿಂದಿನಿಂದ ಹೋಗಬೇಡಿ, ಪಕ್ಕದಿಂದ ಮಾತಾಡುತ್ತಾ ಹೋಗಿ. ಮೇಕೆ ಕೈಗೆ ಏನು ಸಿಕ್ಕರೂ ತಿನ್ನುತ್ತದೆ, ಫೋನ್ ಜೋಪಾನ. ದುಡ್ಡು ಬೇಡ ಅನ್ನಬೇಡಿ, ಕೆಲಸಕ್ಕೆ ಕೂಲಿ ಇದ್ದೇ ಇರುತ್ತದೆ. ಮೊದಲ ತಿಂಗಳು ಕುದುರೆ ಮೇಲೆ ಕೂರುವ ಮಾತೇ ಇಲ್ಲ.

ಸಲಿಕೆ ಇಲ್ಲೇ ಇದೆ, ತರೋದು ಬೇಡ.